ದಂಡದ ರಸೀದಿಯೇ ಹಕ್ಕಿನ ದಾಖಲೆ: ಮಲೆನಾಡಿನ ಬಗರ್‌ಹುಕುಂ ಬೆಳೆದ ಬಗೆ

ಸಕಲೇಶಪುರ, ಮೂಡಿಗೆರೆ ಕಡೆ ಒಂದೇ ಗುಡ್ಡ ಕಂದಾಯ ಇಲಾಖೆಯ ಕಡತದಲ್ಲಿ ಗೋಮಾಳ, ಅರಣ್ಯ ಇಲಾಖೆಯ ಕಡತದಲ್ಲಿ ಸೆಕ್ಷನ್ 4ರ ಕಾಡು, ಅಂದರೆ ಮೀಸಲು ಅರಣ್ಯ ಮಾಡುತ್ತೇವೆಂದು ಅಧಿಸೂಚಿಸಿದ ಜಾಗ, ಹೋಗಿ ನೋಡಿದರೆ ಕಾಫಿ ತೋಟ. ಹೀಗೆ ಅಪ್ಪಣೆಯಿಲ್ಲದೆ ಸರ್ಕಾರಿ ನೆಲ ಸಾಗು ಮಾಡುವುದೇ ಬಗರ್‌ಹುಕುಂ. ಮನುಷ್ಯನಿಗೆ ಭೂಮಿ ಆಸೆ ಹುಟ್ಟುಗುಣ, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ಆಸೆ ಎಲ್ಲ ಕಾಲಕ್ಕೂ ಇತ್ತು. ಬೇಲಿ ಯಾವಾಗ ಸರಿಯಿತು ಎಂಬುದು ತಿಳಿಯಬೇಕಾದರೆ ತಾಲ್ಲೂಕು ಕಚೇರಿಯ ಅರ್ಜಿ ನಮೂನೆಗಳನ್ನು ನೋಡಬೇಕು.

ಯುರೋಪಿಯನ್ನರ ಎಸ್ಟೇಟುಗಳ ಕಾಲ, 1888ರ ಮೈಸೂರು ಭೂಕಂದಾಯ ಸಂಹಿತೆ ಎಲ್ಲ ದಾಟಿ 1974ಕ್ಕೆ ಬಂದರೆ, ಆ ವರ್ಷ ಮಾರ್ಚ್ 1ಕ್ಕೆ ಭೂಸುಧಾರಣೆ ಕಾಯ್ದೆಯಡಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು; ಹಕ್ಕು ಕೋರಿ ನಮೂನೆ 7ರ ಅರ್ಜಿ ಕೊಟ್ಟ ಗೇಣಿದಾರ ಒಡೆಯನಾದ. ಆದರೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದೆಂಬ ಮಿತಿ ಕಾಫಿ, ಏಲಕ್ಕಿ ತೋಟಗಳಿಗೆ ತಟ್ಟಲಿಲ್ಲ. ಲೈನ್ ಮನೆಯ ಕೂಲಿಯವನಿಗೆ ಅದರಿಂದ ಒಂದು ಗುಂಟೆಯೂ ಬರಲಿಲ್ಲ. ಅವನೂ ತೋಟದ ಧಣಿಯೂ ಕಣ್ಣಿಟ್ಟದ್ದು ಒಂದೇ ಸರ್ಕಾರಿ ಸರ್ವೆ ನಂಬರಿನ ಮೇಲೆ.

ಮುಂದಿನದೇ ಕಗ್ಗಂಟು. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮ ಮಾಡಿಸಿಕೊಳ್ಳುವ ಅರ್ಜಿಗಳಾಗಿ 1991ರಲ್ಲಿ ನಮೂನೆ 50, 1999ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಬಂದವು. ಮೊದಲೆರಡಕ್ಕೆ 1990ರ ಏಪ್ರಿಲ್ 14ಕ್ಕೂ ಮುಂಚಿನ ಸಾಗುವಳಿ ಇರಬೇಕಿತ್ತು. 57ಕ್ಕೆ ಗಡುವು 2005ರ ಜನವರಿ 1ಕ್ಕೆ ಜಿಗಿಯಿತು. ಇದು ಕೊನೆಯದು ಅಂದುಕೊಂಡದ್ದು ಎರಡು ಸಲ ಕೊನೆಯಾಗದೇ ಹೋದಾಗ, ಕಾದವನೇ ಜಾಣ ಎಂದು ಊರು ಕಲಿತುಬಿಡುತ್ತದೆ. ಸ್ವಂತದ್ದೂ ಸೇರಿ 4 ಎಕರೆ 38 ಗುಂಟೆ ಮೀರುವಂತಿಲ್ಲ. ಹಾಗಾಗಿ ಅಪ್ಪ, ಮಗ, ಸೊಸೆ ಬೇರೆ ಬೇರೆ ಅರ್ಜಿ ಹಾಕಿದರು. ಪುರಾವೆಗೆ ಬೇಕಾದದ್ದು ಟಿ.ಟಿ. ರಸೀದಿ, ಅಂದರೆ ಅಕ್ರಮ ಸಾಗುವಳಿಗೆ ಕಟ್ಟಿದ ದಂಡದ ಚೀಟಿ. ದಂಡ ಕಟ್ಟಿದವನು ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ. ಬಡವನ ಬಳಿ ರಸೀದಿಯೇ ಇರಲಿಲ್ಲ.

ಅರಸೀಕೆರೆ, ಕಡೂರಿನ ಬಯಲಲ್ಲಿ ಗೋಮಾಳಕ್ಕೆ ರಾಗಿ ಬಿತ್ತಿದವನನ್ನು ಎಬ್ಬಿಸಿದರೆ ಹೋಗುವುದು ಒಂದು ಬೆಳೆ. ಕಾಫಿ ಹಾಗಲ್ಲ: ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಷ್ಟಾದ ಮೇಲೆ ಯಾರೂ ಬಿಟ್ಟು ಏಳುವುದಿಲ್ಲ. ಇನ್ನು 100 ದನಕ್ಕೆ 30 ಎಕರೆ ಗೋಮಾಳ ಉಳಿಸಬೇಕೆಂಬ ನಿಯಮವಿದೆ. ಮೇವಿನ ಜಾಗ ತೋಟವಾಗಿ ದನ ಕಮ್ಮಿಯಾದರೆ, ಉಳಿದ ಗೋಮಾಳವೂ ಅದೇ ಲೆಕ್ಕದಲ್ಲಿ ಹೆಚ್ಚುವರಿ ಎನಿಸಿ ಮಂಜೂರಿಗೆ ಸಿಗುತ್ತದೆ. ಮೂಕಪ್ರಾಣಿಗಳ ಪರವಾಗಿ ಅರ್ಜಿ ಹಾಕುವ ನಮೂನೆ ಇಲ್ಲ.

ಶಾಸಕರ ಅಧ್ಯಕ್ಷತೆಯ ಸಮಿತಿ ಒಪ್ಪಿ, ಮಂಜೂರಿಯ ಸಾಗುವಳಿ ಚೀಟಿ ಕೈಗೆ ಬಂದು, ಪಹಣಿಯಲ್ಲಿ ಒಡೆಯನ ಹೆಸರಿರುವ 9ನೇ ಕಾಲಂಗೆ ಹೆಸರು ಹತ್ತಿದರೂ ಕೆಲಸ ಮುಗಿಯದು. ಚೀಟಿಯಲ್ಲಿ '2 ಎಕರೆ' ಎಂದಿರುತ್ತದೆ, ನಾಲ್ಕು ಕಡೆಯ ಚೆಕ್ಕುಬಂದಿ ಎಷ್ಟೋ ಸಲ ಇರುವುದಿಲ್ಲ. ಒಂದೇ ನಂಬರಿನ ಎಲ್ಲ ಚೀಟಿ ಕೂಡಿದರೆ ಆಕಾರ್‌ಬಂದ್‌ನ, ಅಂದರೆ ಸರ್ವೆ ಇಲಾಖೆಯ ಮೂಲ ದಾಖಲೆಯ, ವಿಸ್ತೀರ್ಣವನ್ನೂ ಮೀರುತ್ತದೆ. ಆಗ ಪೋಡಿ ದುರಸ್ತಿ, ಅಂದರೆ ಒಬ್ಬೊಬ್ಬರ ಭಾಗ ಅಳೆದು ಬೇರೆ ನಂಬರು ಕೊಡುವ ಕೆಲಸ, ನಿಲ್ಲುತ್ತದೆ. ಮೂಲ ಮಂಜೂರಿ ಕಡತ ಸಿಗದಿದ್ದರಂತೂ ಅಳತೆ ಇನ್ನೂ ಕಷ್ಟ. ಪೋಡಿಯಾಗದ ಜಮೀನಿಗೆ, ಮಾರುವ ಭಾಗವನ್ನು ತೋರಿಸುವ 11ಇ ನಕ್ಷೆಯಿಲ್ಲ, ನಕ್ಷೆಯಿಲ್ಲದೆ ಭಾಗ ಮಾಡಿ ಮಾರುವಂತಿಲ್ಲ.

ಈಚೆಗೆ ಭೂಕಂದಾಯ ಕಾಯ್ದೆಗೆ 94ಇ ಕಲಂ ಸೇರಿಸಿ, ಒತ್ತುವರಿಯಾದ ತೋಟವನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ದಾರಿ ಮಾಡಲಾಗಿದೆ. 4 ಎಕರೆ 38 ಗುಂಟೆಯ ಮಿತಿ ಪಾಲಿಸಿದ ಸಣ್ಣ ಹಿಡುವಳಿದಾರನಿಗೆ ಈ ಅಂಕಿ ನುಂಗಲಾರದ ತುತ್ತು. ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆ ಮುಗಿದು ಗುಡ್ಡದ ಗಡಿಗೆ ಕಲ್ಲು ಬೀಳುವ ಮೊದಲೇ ಗುತ್ತಿಗೆ ಪತ್ರ ಬರೆದರೆ, ನಮೂನೆ 57ರ ಅರ್ಜಿ ಹಾಕಿ ಕುಳಿತವನ ಎರಡು ಎಕರೆ ಯಾರ ಗುತ್ತಿಗೆಯೊಳಗೆ ಬಿತ್ತು ಎಂಬುದು ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕಾಗುತ್ತದೆ.