ಯಾವ ಫ್ಯಾಕ್ಟರಿಯನ್ನು ಕೇಳಬೇಕು? ಇಎಂಎಫ್ ಜನರೇಟ್ ಮಾಡಿದ ಕ್ಲಾಸ್‌ಗಳ ಬಗ್ಗೆ ಟಿಪ್ಪಣಿ

ಎಕ್ಲಿಪ್ಸ್ ಮಾಡೆಲಿಂಗ್ ಫ್ರೇಮ್‌ವರ್ಕ್‌ನಲ್ಲಿ, ಅಂದರೆ ಇಎಂಎಫ್‌ನಲ್ಲಿ, ಮಾಡೆಲ್ ಬರೆದು ಜಾವಾ ಕೋಡ್ ಜನರೇಟ್ ಮಾಡಿದವರಿಗೆ ಮೊದಲು ಎದುರಾಗುವ ತಡೆ ಇದು: 'ನ್ಯೂ ಪುಸ್ತಕಇಂಪ್ಲ್()' ಎಂದು ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ಜನರೇಟ್ ಆದ ಇಂಪ್ಲ್ ಕ್ಲಾಸ್‌ಗಳ ಕನ್‌ಸ್ಟ್ರಕ್ಟರ್ 'ಪ್ರೊಟೆಕ್ಟೆಡ್'. ಹೊರಗಿನ ಕೋಡ್ ವಸ್ತುವನ್ನು ಫ್ಯಾಕ್ಟರಿಯ, ಅಂದರೆ ವಸ್ತುಗಳನ್ನು ಮಾಡಿಕೊಡುವ ಕ್ಲಾಸ್‌ನ, ಮೂಲಕವೇ ಪಡೆಯಲಿ ಎಂದೇ ಹಾಗೆ ಇಟ್ಟಿದ್ದಾರೆ. ಸರಿ, ಫ್ಯಾಕ್ಟರಿಯಿಂದಲೇ ಪಡೆಯೋಣ. ಯಾವ ಫ್ಯಾಕ್ಟರಿಯಿಂದ?

ಉದಾಹರಣೆಗೆ ಒಂದು ಮಾಡೆಲ್ ಇಟ್ಟುಕೊಳ್ಳೋಣ. ಪ್ಯಾಕೇಜ್ 'ಗ್ರಂಥಾಲಯ', ಅದರೊಳಗೆ 'ಪುಸ್ತಕ', 'ಲೇಖಕ', 'ಸದಸ್ಯ' ಎಂಬ ಮೂರು ಕ್ಲಾಸ್. ಜೆನ್‌ಮಾಡೆಲ್‌ನಲ್ಲಿ (ಕೋಡ್ ಹೇಗೆ ಜನರೇಟ್ ಆಗಬೇಕೆಂದು ಹೇಳುವ ಫೈಲ್‌ನಲ್ಲಿ) ಪ್ರಿಫಿಕ್ಸ್ 'ಗ್ರಂಥಾಲಯ' ಎಂದಿದ್ದರೆ 'ಗ್ರಂಥಾಲಯಪ್ಯಾಕೇಜ್', 'ಗ್ರಂಥಾಲಯಫ್ಯಾಕ್ಟರಿ' ಎಂಬ ಎರಡು ಇಂಟರ್‌ಫೇಸ್ ಹುಟ್ಟುತ್ತವೆ. ಇಂಪ್ಲ್ ಎಂಬ ಉಪ-ಪ್ಯಾಕೇಜ್‌ನಲ್ಲಿ ಅವುಗಳ ಅನುಷ್ಠಾನ ಇರುತ್ತದೆ. ಫ್ಯಾಕ್ಟರಿಯ ಹೆಸರು ಬರುವುದು ಇಕೋರ್ (ಮಾಡೆಲ್ ಬರೆಯುವ ಭಾಷೆ) ಪ್ಯಾಕೇಜ್‌ನ ಹೆಸರಿನಿಂದಲ್ಲ, ಜೆನ್‌ಮಾಡೆಲ್‌ನೊಳಗಿನ ಜೆನ್‌ಪ್ಯಾಕೇಜ್‌ನ ಪ್ರಿಫಿಕ್ಸ್‌ನಿಂದ. ಯಾರೋ ಅದನ್ನು 'ಜಿಎಲ್' ಎಂದು ಬದಲಿಸಿದ್ದರೆ ನೀವು ಹುಡುಕಬೇಕಾದದ್ದು 'ಜಿಎಲ್‌ಫ್ಯಾಕ್ಟರಿ'. ಮಾಡೆಲ್‌ನಲ್ಲಿ ಉಪ-ಪ್ಯಾಕೇಜ್‌ಗಳಿದ್ದರೆ ಪ್ರತಿಯೊಂದಕ್ಕೂ ತನ್ನದೇ ಫ್ಯಾಕ್ಟರಿ. ತಾಯಿ ಪ್ಯಾಕೇಜ್‌ನ ಫ್ಯಾಕ್ಟರಿ ಮಕ್ಕಳ ಪ್ಯಾಕೇಜ್‌ನ ಕ್ಲಾಸ್‌ಗಳನ್ನು ಮಾಡಿಕೊಡುವುದಿಲ್ಲ.

ಕೋಡ್ ಬರೆಯುವಾಗಲೇ ಕ್ಲಾಸ್ ಯಾವುದೆಂದು ಗೊತ್ತಿದ್ದರೆ ಇಷ್ಟೇ ಸಾಕು: 'ಗ್ರಂಥಾಲಯಫ್ಯಾಕ್ಟರಿ.ಇಇನ್‌ಸ್ಟನ್ಸ್.ಕ್ರಿಯೇಟ್‌ಪುಸ್ತಕ()'. ಅಬ್‌ಸ್ಟ್ರಾಕ್ಟ್ ಕ್ಲಾಸ್‌ಗೆ ಇಂಥ ಮೆಥಡ್ ಇರುವುದಿಲ್ಲ. ತಲೆನೋವು ಶುರುವಾಗುವುದು ಕ್ಲಾಸ್ ಯಾವುದೆಂದು ರನ್ ಆಗುವಾಗ ಮಾತ್ರ ಗೊತ್ತಾಗುವ ಕಡೆ: ಎಡಿಟರ್‌ನಲ್ಲಿ ಬಳಕೆದಾರ ಮೆನುವಿನಿಂದ ಆರಿಸುತ್ತಾನೆ, ಟ್ರಾನ್ಸ್‌ಫಾರ್ಮೇಶನ್ ಒಂದು ಇಕ್ಲಾಸ್ (ಮಾಡೆಲ್‌ನ ಕ್ಲಾಸ್ ಒಂದನ್ನು ವಿವರಿಸುವ ವಸ್ತು) ಕೊಡುತ್ತದೆ, ಇಲ್ಲವೇ ಫೈಲ್‌ನಿಂದ ಹೆಸರು ಬರುತ್ತದೆ.

ಇಕ್ಲಾಸ್‌ನ ಮನೆ ಕೇಳಿ

ಕೈಯಲ್ಲಿ ಇಕ್ಲಾಸ್ ಇದ್ದರೆ ಫ್ಯಾಕ್ಟರಿಯನ್ನು ಹೆಸರಿನಿಂದ ಹುಡುಕುವ ಅಗತ್ಯವೇ ಇಲ್ಲ. ಇಕ್ಲಾಸ್‌ಗೆ ತಾನು ಯಾವ ಇಪ್ಯಾಕೇಜ್‌ಗೆ ಸೇರಿದ್ದೇನೆಂದು ಗೊತ್ತು, ಇಪ್ಯಾಕೇಜ್‌ಗೆ ತನ್ನ ಫ್ಯಾಕ್ಟರಿ ಯಾವುದೆಂದು ಗೊತ್ತು. 'ಇಕ್ಲಾಸ್.ಗೆಟ್‌ಇಪ್ಯಾಕೇಜ್().ಗೆಟ್‌ಇಫ್ಯಾಕ್ಟರಿಇನ್‌ಸ್ಟನ್ಸ್().ಕ್ರಿಯೇಟ್(ಇಕ್ಲಾಸ್)' ಎಂದು ಬರೆದರೆ ಆಯಿತು. ಇದನ್ನೇ ಚಿಕ್ಕದಾಗಿಸಿದ್ದು 'ಇಕೋರ್‌ಯುಟಿಲ್.ಕ್ರಿಯೇಟ್(ಇಕ್ಲಾಸ್)'. ಒಳಗೆ ಬೇರೆ ಯಾವ ಮಾಯೆಯೂ ಇಲ್ಲ.

ಹಾಗಿದ್ದೂ ಜನ ತಮಗೆ ಪರಿಚಯವಿರುವ ಫ್ಯಾಕ್ಟರಿಯನ್ನೇ ಹಿಡಿದು 'ಕ್ರಿಯೇಟ್' ಕರೆಯುತ್ತಾರೆ. ಅದು ಯಾಕೆ ಅಪಾಯ ಎಂಬುದನ್ನು ಹತ್ತಿರದಿಂದ ನೋಡೋಣ. ಜನರೇಟ್ ಆದ ಫ್ಯಾಕ್ಟರಿಇಂಪ್ಲ್‌ನ 'ಕ್ರಿಯೇಟ್' ಮೆಥಡ್ ತೆರೆದರೆ ಕಾಣುವುದು ಒಂದು ಸ್ವಿಚ್. ಸ್ವಿಚ್ ನೋಡುವುದು ಇಕ್ಲಾಸ್‌ನ ಹೆಸರನ್ನಲ್ಲ, ಅದರ 'ಕ್ಲಾಸಿಫೈಯರ್ ಐಡಿ'ಯನ್ನು. ಈ ಐಡಿ ಎಂದರೆ ಪ್ಯಾಕೇಜ್‌ನೊಳಗಿನ ಸ್ಥಾನ, 0ಯಿಂದ ಶುರು. ಪುಸ್ತಕ 0, ಲೇಖಕ 1, ಸದಸ್ಯ 2. ಈಗ ಇನ್ನೊಂದು ಮಾಡೆಲ್ 'ಅಂಗಡಿ'. ಅದರಲ್ಲಿ ಗಿರಾಕಿ 0, ಬಿಲ್ಲು 1. ಅಂಗಡಿಯ ಗಿರಾಕಿಯನ್ನು ಗ್ರಂಥಾಲಯಫ್ಯಾಕ್ಟರಿಯ ಕೈಗೆ ಕೊಟ್ಟರೆ ಏನಾಗಬೇಕು? ಎರರ್ ಬರಬೇಕು ಎನ್ನುತ್ತೀರಿ. ಬರುವುದಿಲ್ಲ. ಸ್ವಿಚ್‌ಗೆ 0 ಕಾಣುತ್ತದೆ, ಅದು ಸದ್ದಿಲ್ಲದೆ ಪುಸ್ತಕವೊಂದನ್ನು ಮಾಡಿ ಕೊಡುತ್ತದೆ. ಕೇಳಿದ್ದು ಗಿರಾಕಿ, ಸಿಕ್ಕಿದ್ದು ಪುಸ್ತಕ! ಅಂಗಡಿಯಲ್ಲಿ ಐಡಿ 3 ಇರುವ ಕ್ಲಾಸ್ ಕೊಟ್ಟರೆ ಮಾತ್ರ ಹೊಂದುವ ಕೇಸ್ ಇಲ್ಲದೆ 'ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್' ಬರುತ್ತದೆ, 'ಮಾನ್ಯ ಕ್ಲಾಸಿಫೈಯರ್ ಅಲ್ಲ' ಎಂಬ ದೂರಿನೊಂದಿಗೆ. ಹಾಗಾಗಿ ಒಂದೇ ತಪ್ಪು ಕೆಲವು ಕ್ಲಾಸ್‌ಗಳಿಗೆ ಎರರ್ ಆಗಿ, ಕೆಲವಕ್ಕೆ ತಪ್ಪು ವಸ್ತುವಾಗಿ ಹೊರಬರುತ್ತದೆ. ಎರರ್ ಬಂದದ್ದೇ ಪುಣ್ಯ.

ಇನ್ನೊಂದು ಮಾಡೆಲ್‌ನ ಕ್ಲಾಸ್ ನಿಮ್ಮದನ್ನು ಎಕ್ಸ್‌ಟೆಂಡ್ ಮಾಡಿರುವಾಗಲೂ ಇದೇ ನಿಯಮ. 'ಅಪರೂಪ' ಪ್ಯಾಕೇಜ್‌ನ 'ಹಸ್ತಪ್ರತಿ' ಎಂಬ ಕ್ಲಾಸ್ ಪುಸ್ತಕದ ಮಗಳಾದರೂ ಅದನ್ನು ಮಾಡುವುದು ಅಪರೂಪದ ಫ್ಯಾಕ್ಟರಿ. ಸೂಪರ್‌ಟೈಪ್ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ.

ಒಂದೇ ಹೆಸರಿನ ಇಬ್ಬರು

'ಇಕೋರ್‌ಯುಟಿಲ್.ಕ್ರಿಯೇಟ್' ಬಳಸಿಯೂ ಕೆಲವರಿಗೆ ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್ ಬರುತ್ತದೆ: 'ಡೈನಾಮಿಕ್‌ಇಆಬ್ಜೆಕ್ಟ್‌ಇಂಪ್ಲ್ ಅನ್ನು ಪುಸ್ತಕಕ್ಕೆ ಕಾಸ್ಟ್ ಮಾಡಲಾಗದು'. ಇಡೀ ವಿಷಯದ ಗಂಟು ಇಲ್ಲಿದೆ.

ನೀವು 'ಗ್ರಂಥಾಲಯ.ಇಕೋರ್' ಫೈಲನ್ನು ರಿಸೋರ್ಸ್‌ಸೆಟ್‌ನಿಂದ (ಫೈಲ್‌ಗಳನ್ನು ಲೋಡ್ ಮಾಡಿ ಒಟ್ಟಿಗೆ ಇಡುವ ವಸ್ತು) ಲೋಡ್ ಮಾಡಿ, ಅದರಿಂದ ಪುಸ್ತಕ ಎಂಬ ಇಕ್ಲಾಸ್ ತೆಗೆದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಆ ಇಪ್ಯಾಕೇಜ್ ಫೈಲ್ ಓದಿ ಕಟ್ಟಿದ ಒಂದು ಹೊಸ ಪ್ರತಿ. ಜನರೇಟ್ ಆದ 'ಗ್ರಂಥಾಲಯಪ್ಯಾಕೇಜ್.ಇಇನ್‌ಸ್ಟನ್ಸ್' ಬೇರೆಯೇ ವಸ್ತು. ಹೆಸರು ಒಂದೇ, ಎನ್‌ಎಸ್ ಯುಆರ್‌ಐ (ಪ್ಯಾಕೇಜ್‌ನ ಗುರುತಾಗಿರುವ ವಿಳಾಸ) ಒಂದೇ, ಆದರೆ '==' ಹಾಕಿದರೆ ಉತ್ತರ 'ಫಾಲ್ಸ್'. ಫೈಲ್‌ನಿಂದ ಬಂದ ಪ್ಯಾಕೇಜ್‌ಗೆ ಇರುವುದು ಡೀಫಾಲ್ಟ್ ಇಫ್ಯಾಕ್ಟರಿಇಂಪ್ಲ್. ಅದಕ್ಕೆ ನಿಮ್ಮ ಜಾವಾ ಕ್ಲಾಸ್‌ಗಳ ಸುಳಿವೇ ಇಲ್ಲ, ಡೈನಾಮಿಕ್ ವಸ್ತುವನ್ನಷ್ಟೇ, ಅಂದರೆ ಜನರೇಟ್ ಆದ ಕ್ಲಾಸ್ ಇಲ್ಲದ ಸಾಮಾನ್ಯ ವಸ್ತುವನ್ನಷ್ಟೇ, ಕೊಡಬಲ್ಲದು. ಕೇಳಿದ ಮನೆಯೇ ಬೇರೆಯಾಗಿತ್ತು.

ಸರಿಪಡಿಸುವ ದಾರಿ: ಆ ಇಕ್ಲಾಸ್‌ನ ಪ್ಯಾಕೇಜ್‌ನಿಂದ ಎನ್‌ಎಸ್ ಯುಆರ್‌ಐ ತೆಗೆದುಕೊಳ್ಳಿ. 'ಇಪ್ಯಾಕೇಜ್.ರಿಜಿಸ್ಟ್ರಿ.ಇನ್‌ಸ್ಟನ್ಸ್.ಗೆಟ್‌ಇಪ್ಯಾಕೇಜ್(ಯುಆರ್‌ಐ)' ಕರೆದು ಜನರೇಟ್ ಆದ ಪ್ಯಾಕೇಜ್ ಪಡೆಯಿರಿ (ರಿಜಿಸ್ಟ್ರಿ ಎಂದರೆ ಯುಆರ್‌ಐ ಕೊಟ್ಟರೆ ಪ್ಯಾಕೇಜ್ ಕೊಡುವ ಪಟ್ಟಿ). ಅದರಲ್ಲಿ 'ಗೆಟ್‌ಇಕ್ಲಾಸಿಫೈಯರ್'ಗೆ ಕ್ಲಾಸ್‌ನ ಹೆಸರು ಕೊಟ್ಟು ಜನರೇಟ್ ಆದ ಇಕ್ಲಾಸ್ ಹಿಡಿಯಿರಿ. ಆಮೇಲೆ 'ಇಕೋರ್‌ಯುಟಿಲ್.ಕ್ರಿಯೇಟ್'.

ಹಳೆಯ ಇಕ್ಲಾಸನ್ನೇ ನೇರವಾಗಿ ಗ್ರಂಥಾಲಯಫ್ಯಾಕ್ಟರಿಗೆ ಕೊಟ್ಟರೆ ಆಗದೇ ಎಂದು ಕೇಳಬಹುದು. ಆದಂತೆ ಕಾಣುತ್ತದೆ: ಕ್ಲಾಸ್‌ಗಳ ಕ್ರಮ ಒಂದೇ ಆಗಿದ್ದರೆ ಐಡಿಗಳೂ ಹೊಂದಿ ಪುಸ್ತಕ ಬಂದೇ ಬರುತ್ತದೆ. ಆದರೆ ಆ ಪುಸ್ತಕದ ಇಕ್ಲಾಸ್ ಜನರೇಟ್ ಆದದ್ದು. ಫೈಲ್‌ನಿಂದ ತೆಗೆದ 'ಶೀರ್ಷಿಕೆ' ಫೀಚರ್ ಹಿಡಿದು 'ಇಸೆಟ್' ಮಾಡಲು ಹೋದಾಗ 'ಮಾನ್ಯ ಫೀಚರ್ ಅಲ್ಲ' ಎಂದು ಬೀಳುತ್ತದೆ. ಯಾರಾದರೂ ಇಕೋರ್ ಫೈಲ್‌ನಲ್ಲಿ ಕ್ಲಾಸ್‌ಗಳ ನಡುವೆ ಒಂದು ಈನಮ್ ಸೇರಿಸಿದರಂತೂ ಐಡಿಗಳೇ ಪಲ್ಲಟ.

ಡೈನಾಮಿಕ್ ವಸ್ತುಗಳ ಒಂದು ಮರವೇ ಕೈಯಲ್ಲಿದ್ದು ಅದನ್ನು ಜನರೇಟ್ ಆದ ವಸ್ತುಗಳಾಗಿ ಬದಲಿಸಬೇಕಿದ್ದರೆ 'ಇಕೋರ್‌ಯುಟಿಲ್.ಕಾಪಿಯರ್' ಅನ್ನು ಎಕ್ಸ್‌ಟೆಂಡ್ ಮಾಡಿ. ಇಕ್ಲಾಸ್‌ಗಾಗಿ ಒಂದು, ಫೀಚರ್‌ಗಾಗಿ ಒಂದು, ಹೀಗೆ 'ಗೆಟ್‌ಟಾರ್ಗೆಟ್' ಮೆಥಡ್‌ಗಳನ್ನು ಓವರ್‌ರೈಡ್ ಮಾಡಿ ಮೇಲಿನ ಹುಡುಕಾಟವನ್ನೇ ಒಳಗಿಡಿ. ಕೊನೆಯಲ್ಲಿ 'ಕಾಪಿರೆಫರೆನ್ಸಸ್' ಕರೆಯಲು ಮರೆತರೆ ಒಳಗೊಂಡ ಮಕ್ಕಳು ಬರುತ್ತಾರೆ, ಅಡ್ಡ ಸಂಬಂಧಗಳು ಖಾಲಿ ಉಳಿಯುತ್ತವೆ.

ರಿಜಿಸ್ಟ್ರಿಯಲ್ಲಿ ಹೆಸರು ಇದೆಯೇ

ಎಕ್ಸ್‌ಎಂಐ ಫೈಲ್ (ಮಾಡೆಲ್‌ನ ವಸ್ತುಗಳನ್ನು ಉಳಿಸುವ ಎಕ್ಸ್‌ಎಂಎಲ್ ರೂಪ) ಲೋಡ್ ಆಗುವಾಗ ಲೋಡರ್ ಮಾಡುವುದೂ ಇದೇ ಕೆಲಸ: ಫೈಲ್‌ನ ತಲೆಯಲ್ಲಿರುವ ಯುಆರ್‌ಐ ಹಿಡಿದು ರಿಜಿಸ್ಟ್ರಿಯಲ್ಲಿ ಪ್ಯಾಕೇಜ್ ಹುಡುಕುತ್ತದೆ, ಅದರ ಫ್ಯಾಕ್ಟರಿಯನ್ನು ಕೇಳುತ್ತದೆ. ಸಿಗದಿದ್ದರೆ 'ಪ್ಯಾಕೇಜ್ ನಾಟ್ ಫೌಂಡ್ ಎಕ್ಸೆಪ್ಶನ್'.

ಎಕ್ಲಿಪ್ಸ್ ಒಳಗೆ ಓಡುವ ಪ್ಲಗಿನ್ ಆಗಿದ್ದರೆ 'ಪ್ಲಗಿನ್.ಎಕ್ಸ್‌ಎಂಎಲ್'ನಲ್ಲಿ 'ಜನರೇಟೆಡ್ ಪ್ಯಾಕೇಜ್' ಎಕ್ಸ್‌ಟೆನ್ಶನ್ ತಾನಾಗಿ ಸೇರಿರುತ್ತದೆ, ನೋಂದಣಿಯ ಚಿಂತೆ ಇಲ್ಲ. ಅಲ್ಲೊಂದು ಚಿಕ್ಕ ಗುಂಡಿ ಮಾತ್ರ ಇದೆ. ರಿಜಿಸ್ಟ್ರಿಯಲ್ಲಿ ಮೊದಲಿಗೆ ಇರುವುದು ಪ್ಯಾಕೇಜ್ ಅಲ್ಲ, ಅದರ ಡಿಸ್ಕ್ರಿಪ್ಟರ್, ಅಂದರೆ ಬೇಕಾದಾಗ ಪ್ಯಾಕೇಜ್ ತಂದುಕೊಡುವ ಪ್ರತಿನಿಧಿ. ರಿಜಿಸ್ಟ್ರಿಯನ್ನು ಸಾದಾ ಮ್ಯಾಪ್ ಎಂದುಕೊಂಡು 'ಗೆಟ್' ಕರೆದು ಇಪ್ಯಾಕೇಜ್‌ಗೆ ಕಾಸ್ಟ್ ಮಾಡಿದರೆ ಒಮ್ಮೆ ನಡೆಯುತ್ತದೆ, ಒಮ್ಮೆ ಬೀಳುತ್ತದೆ. 'ಗೆಟ್‌ಇಪ್ಯಾಕೇಜ್' ಬಳಸಿ.

ಸಾದಾ 'ಮೇನ್' ಮೆಥಡ್‌ನಿಂದ ಓಡಿಸಿದರೆ ಪ್ಲಗಿನ್.ಎಕ್ಸ್‌ಎಂಎಲ್ ಅನ್ನು ಯಾರೂ ತಾವಾಗಿ ಓದುವುದಿಲ್ಲ. ಆಗ ಲೋಡ್ ಮಾಡುವ ಮೊದಲು 'ಗ್ರಂಥಾಲಯಪ್ಯಾಕೇಜ್.ಇಇನ್‌ಸ್ಟನ್ಸ್.ಇಕ್ಲಾಸ್()' ಎಂಬ ಸಾಲು ಬೇಕು. ನೋಡಲು ಯಾವ ಕೆಲಸಕ್ಕೂ ಬಾರದ ಸಾಲು, ಕೋಡ್ ಗುಡಿಸುವವರು ಮೊದಲು ಅಳಿಸುವುದೂ ಇದನ್ನೇ. ಪ್ಯಾಕೇಜ್ ಹುಟ್ಟಿ ರಿಜಿಸ್ಟ್ರಿ ಸೇರುವುದು ಆ ಮುಟ್ಟುವಿಕೆಯಿಂದ. ಪಕ್ಕದಲ್ಲಿ ಒಂದು ಕಾಮೆಂಟ್ ಬರೆದಿಡಿ. ಗ್ರಂಥಾಲಯ ಅವಲಂಬಿಸಿರುವ ಪ್ಯಾಕೇಜ್‌ಗಳೂ ಇದರೊಂದಿಗೆ ಎದ್ದೇಳುತ್ತವೆ, ಆದರೆ ಗ್ರಂಥಾಲಯವನ್ನು ಅವಲಂಬಿಸಿರುವವು ಏಳುವುದಿಲ್ಲ. ಹಸ್ತಪ್ರತಿ ಇರುವ ಫೈಲ್ ಓದಬೇಕಾದರೆ 'ಅಪರೂಪಪ್ಯಾಕೇಜ್' ಅನ್ನೂ ಬೇರೆಯಾಗಿ ಮುಟ್ಟಲೇಬೇಕು.

ಇಷ್ಟಾದರೂ ಪ್ಯಾಕೇಜ್ ಸಿಗದಿದ್ದರೆ ಯುಆರ್‌ಐಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಕೊನೆಯ ಓರೆಗೆರೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು, ಫೈಲ್‌ನಲ್ಲಿ 1.0 ಮತ್ತು ಕೋಡ್‌ನಲ್ಲಿ 2.0 ಇರುವುದು ಸಾಮಾನ್ಯ. ಮಾಡೆಲ್‌ನ ರಚನೆ ಬದಲಾಗಿಲ್ಲ, ಯುಆರ್‌ಐ ಮಾತ್ರ ಬದಲಾಗಿದೆ ಎಂದಾದರೆ ಹಳೆಯ ಯುಆರ್‌ಐಯನ್ನು ಹೊಸ ಪ್ಯಾಕೇಜ್‌ಗೇ ತೋರಿಸುವಂತೆ ರಿಸೋರ್ಸ್‌ಸೆಟ್‌ನ ರಿಜಿಸ್ಟ್ರಿಯಲ್ಲಿ ಒಂದು 'ಪುಟ್' ಸಾಕು. ಸೇವ್ ಮಾಡಿದಾಗ ಹೊಸ ಯುಆರ್‌ಐ ಬೀಳುತ್ತದೆ.

ರಿಸೋರ್ಸ್‌ಸೆಟ್‌ಗೂ ತನ್ನದೇ ಪ್ಯಾಕೇಜ್ ರಿಜಿಸ್ಟ್ರಿ ಇದೆ, ಮೊದಲು ನೋಡುವುದು ಅದನ್ನು, ಇಲ್ಲದಿದ್ದರೆ ಮಾತ್ರ ಗ್ಲೋಬಲ್. ಅಲ್ಲಿ ಯಾರಾದರೂ ಫೈಲ್‌ನಿಂದ ಓದಿದ ಪ್ಯಾಕೇಜ್ ಇಟ್ಟಿದ್ದರೆ ಗ್ಲೋಬಲ್‌ನಲ್ಲಿ ಜನರೇಟ್ ಆದದ್ದು ಇದ್ದರೂ ಬರುವುದು ಡೈನಾಮಿಕ್ ವಸ್ತುಗಳೇ. ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಕಾರಣ ಎಕ್ಸ್‌ಎಂಐ ಫೈಲ್‌ನ 'ಸ್ಕೀಮಾ ಲೊಕೇಶನ್'. ಎಕ್ಲಿಪ್ಸ್‌ನಲ್ಲಿ 'ಕ್ರಿಯೇಟ್ ಡೈನಾಮಿಕ್ ಇನ್‌ಸ್ಟನ್ಸ್' ಒತ್ತಿ ಮಾಡಿದ ಫೈಲ್‌ಗಳಲ್ಲಿ ಇದು ಇರುತ್ತದೆ, ಇಕೋರ್ ಫೈಲ್‌ನ ದಾರಿ ತೋರಿಸುತ್ತದೆ. ರಿಜಿಸ್ಟ್ರಿಯಲ್ಲಿ ಪ್ಯಾಕೇಜ್ ಸಿಗದಿದ್ದಾಗ ಲೋಡರ್ ಗಲಾಟೆ ಮಾಡದೆ ಆ ಇಕೋರ್ ಫೈಲ್ ಓದಿ ಕೆಲಸ ಮುಗಿಸಿಬಿಡುತ್ತದೆ. ನೋಂದಣಿ ಮರೆತ ತಪ್ಪು ಆಗ ಎಷ್ಟೋ ಸಾಲು ಆಚೆ ಕಾಸ್ಟ್ ಎರರ್ ಆಗಿ ತಲೆ ಎತ್ತುತ್ತದೆ.

ಗುರುತಿಸಲು ಮೂರು ವಿಷಯ ಪ್ರಿಂಟ್ ಮಾಡಿ. ಇಪ್ಯಾಕೇಜ್‌ನ ಜಾವಾ ಕ್ಲಾಸ್: 'ಗ್ರಂಥಾಲಯಪ್ಯಾಕೇಜ್‌ಇಂಪ್ಲ್' ಎಂದಿದ್ದರೆ ಜನರೇಟ್ ಆದದ್ದು, ಬರೀ 'ಇಪ್ಯಾಕೇಜ್‌ಇಂಪ್ಲ್' ಎಂದರೆ ಡೈನಾಮಿಕ್. ಅದರ 'ಇರಿಸೋರ್ಸ್'ನ ಯುಆರ್‌ಐ: ಜನರೇಟ್ ಆದದ್ದಕ್ಕೆ ಎನ್‌ಎಸ್ ಯುಆರ್‌ಐ ಸ್ವತಃ ಕಾಣುತ್ತದೆ, ಡೈನಾಮಿಕ್ ಆದರೆ ಇಕೋರ್ ಫೈಲ್‌ನ ದಾರಿ ಕಾಣುತ್ತದೆ, ಎಲ್ಲಿಂದ ನುಸುಳಿತೆಂಬುದೂ ಅಲ್ಲೇ ತಿಳಿಯುತ್ತದೆ. ಮೂರನೆಯದು ಫ್ಯಾಕ್ಟರಿಯ ಜಾವಾ ಕ್ಲಾಸ್.

ಹೆಸರಿನ ಗೊಂದಲವೂ ಒಂದಿದೆ. 'ರಿಸೋರ್ಸ್.ಫ್ಯಾಕ್ಟರಿ' ಎಂಬುದು ಫೈಲ್ ಎಕ್ಸ್‌ಟೆನ್ಶನ್ ನೋಡಿ ರಿಸೋರ್ಸ್ ಮಾಡುವ ಯಂತ್ರ. 'ರಿಸೋರ್ಸ್ ಫ್ಯಾಕ್ಟರಿ ನೋಂದಾಯಿಸಬೇಕು' ಎಂಬ ಎರರ್ ಬಂದರೆ ಎಕ್ಸ್‌ಎಂಐರಿಸೋರ್ಸ್‌ಫ್ಯಾಕ್ಟರಿಇಂಪ್ಲ್ ಅನ್ನು ಆ ಎಕ್ಸ್‌ಟೆನ್ಶನ್‌ಗೆ ಸೇರಿಸಬೇಕು, ಗ್ರಂಥಾಲಯಫ್ಯಾಕ್ಟರಿಯನ್ನಲ್ಲ. 'ಅಡಾಪ್ಟರ್‌ಫ್ಯಾಕ್ಟರಿ'ಯಂತೂ ಮೂರನೆಯದೇ ಜಾತಿ, ವಸ್ತು ಸೃಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಸ್ವಂತ ಫ್ಯಾಕ್ಟರಿ ಕೂರಿಸುವಾಗ

ಪುಸ್ತಕ ಹುಟ್ಟುವಾಗಲೇ ಏನಾದರೂ ತುಂಬಬೇಕೆಂದರೆ ಸುಲಭದ ದಾರಿ, ಫ್ಯಾಕ್ಟರಿಇಂಪ್ಲ್‌ನ 'ಕ್ರಿಯೇಟ್‌ಪುಸ್ತಕ' ತಿದ್ದಿ ಕಾಮೆಂಟ್‌ನಲ್ಲಿ '@ಜನರೇಟೆಡ್ ನಾಟ್' ಎಂದು ಗುರುತಿಸುವುದು. 'ನಾಟ್' ಮರೆತರೆ ಮುಂದಿನ ಜನರೇಶನ್‌ನಲ್ಲಿ ನಿಮ್ಮ ಕೋಡ್ ಹೋಯಿತೆಂದೇ ಲೆಕ್ಕ. ಬೇರೆಯವರ ಮಾಡೆಲ್ ಆಗಿ ಕೋಡ್ ಮುಟ್ಟುವಂತಿಲ್ಲದಿದ್ದರೆ ಪ್ಲಗಿನ್‌ನಲ್ಲಿ 'ಫ್ಯಾಕ್ಟರಿ ಓವರ್‌ರೈಡ್' ಎಕ್ಸ್‌ಟೆನ್ಶನ್ ಇದೆ: ಎನ್‌ಎಸ್ ಯುಆರ್‌ಐ ಮತ್ತು ನಿಮ್ಮ ಫ್ಯಾಕ್ಟರಿ ಕ್ಲಾಸ್ ಕೊಟ್ಟರೆ ಸಾಕು. ಜನರೇಟ್ ಆದ ಫ್ಯಾಕ್ಟರಿಯ 'ಇನಿಟ್' ಮೆಥಡ್ ಮೊದಲು ರಿಜಿಸ್ಟ್ರಿಯನ್ನು ಕೇಳಿ, ಅಲ್ಲಿ ಇಲ್ಲದಿದ್ದರೆ ಮಾತ್ರ ತನ್ನದನ್ನು ಮಾಡಿಕೊಳ್ಳುತ್ತದೆ. ಹಾಗಾಗಿ 'ಇಇನ್‌ಸ್ಟನ್ಸ್' ಬಳಸುವ ಕೋಡ್‌ಗೂ ನಿಮ್ಮದೇ ಸಿಗುತ್ತದೆ. ನಿಮ್ಮ ಕ್ಲಾಸ್ ಗ್ರಂಥಾಲಯಫ್ಯಾಕ್ಟರಿ ಇಂಟರ್‌ಫೇಸ್‌ನ ಅನುಷ್ಠಾನವಾಗಿರಬೇಕು, ಗ್ರಂಥಾಲಯಫ್ಯಾಕ್ಟರಿಇಂಪ್ಲ್ ಅನ್ನು ಎಕ್ಸ್‌ಟೆಂಡ್ ಮಾಡುವುದು ಅದಕ್ಕೆ ಸುಲಭದ ದಾರಿ. ಇಲ್ಲದಿದ್ದರೆ ಒಳಗಿನ ಕಾಸ್ಟ್ ಬಿದ್ದು, ಲಾಗ್‌ನಲ್ಲಿ ಒಂದು ಸಾಲು ಬಿಟ್ಟು, ಹಳೆಯ ಫ್ಯಾಕ್ಟರಿಯೇ ಕೂರುತ್ತದೆ.

ಪ್ಲಗಿನ್ ಇಲ್ಲದ ಕಡೆ 'ಸೆಟ್‌ಇಫ್ಯಾಕ್ಟರಿಇನ್‌ಸ್ಟನ್ಸ್' ಕರೆಯುವವರಿದ್ದಾರೆ. ಅದರಿಂದ ಲೋಡರ್ ಮತ್ತು ಇಕೋರ್‌ಯುಟಿಲ್ ಹೊಸ ಫ್ಯಾಕ್ಟರಿ ಬಳಸುತ್ತವೆ, ಆದರೆ 'ಗ್ರಂಥಾಲಯಫ್ಯಾಕ್ಟರಿ.ಇಇನ್‌ಸ್ಟನ್ಸ್' ಆಗಲೇ ಗಟ್ಟಿಯಾಗಿದ್ದು ಹಳೆಯದನ್ನೇ ತೋರಿಸುತ್ತದೆ. ಒಂದೇ ಪ್ರೋಗ್ರಾಂನಲ್ಲಿ ಎರಡು ಬಗೆಯ ಪುಸ್ತಕ ಓಡಾಡುತ್ತವೆ.

ತಿದ್ದಿದ ಕ್ರಿಯೇಟ್ ಮೆಥಡ್ ಫೈಲ್ ಲೋಡ್ ಆಗುವಾಗಲೂ ಓಡುತ್ತದೆ ಎಂಬುದನ್ನು ಮರೆಯಬೇಡಿ. ಮಾಡೆಲ್‌ಗೆ 'ಶಾಖೆ' ಎಂಬ ಕ್ಲಾಸ್ ಸೇರಿಸಿ, 'ಕ್ರಿಯೇಟ್‌ಶಾಖೆ'ಯಲ್ಲಿ 'ಸಾಮಾನ್ಯ' ಎಂಬ ಹೆಸರಿನ ಕಪಾಟನ್ನು ಶಾಖೆಯ ಪಟ್ಟಿಗೆ ಹಾಕಿದಿರಿ ಎನ್ನಿ. ಹೊಸ ಶಾಖೆಗೆ 1 ಕಪಾಟು, ಸೇವ್ ಆಯಿತು. ಮತ್ತೆ ಲೋಡ್ ಮಾಡಿದಾಗ ಫ್ಯಾಕ್ಟರಿ 1 ಹಾಕುತ್ತದೆ, ಫೈಲ್‌ನಿಂದ 1 ಬರುತ್ತದೆ, ಒಟ್ಟು 2. ಸೇವ್ ಮಾಡಿ ಇನ್ನೊಮ್ಮೆ ತೆರೆದರೆ 3. ಒಂದೇ ಬೆಲೆ ಹಿಡಿಯುವ ಆಟ್ರಿಬ್ಯೂಟ್ ಆಗಿದ್ದರೆ ಫೈಲ್‌ನಲ್ಲಿರುವುದು ಮೇಲೆ ಕೂತು ಮುಚ್ಚಿಹೋಗುತ್ತಿತ್ತು, ಪಟ್ಟಿಗಳಲ್ಲಿ ಹಾಗಾಗುವುದಿಲ್ಲ. ಪಟ್ಟಿಗೆ ಮೊದಲ ಸದಸ್ಯರನ್ನು ಸೇರಿಸುವ ಕೆಲಸವನ್ನು ಫ್ಯಾಕ್ಟರಿಯಲ್ಲಿಡದೆ, 'ಹೊಸ ಶಾಖೆ' ಮೆನುವಿನ ಹಿಂದಿರುವ ಮೆಥಡ್‌ನಲ್ಲಿ ಇಡಿ.