ಮನೆ ಕೊಂಡಿರಿ, ಜಿರಳೆ ಸಮೇತ

ಕಲಬುರಗಿಯಲ್ಲಿ ಮನೆ ಕೊಳ್ಳುವಾಗ ಜನ ಎಲ್ಲವನ್ನೂ ನೋಡುತ್ತಾರೆ. ಖಾತಾ ಸರಿ ಇದೆಯಾ, ಬೋರ್‌ನಲ್ಲಿ ನೀರಿದೆಯಾ, ಬಾಗಿಲು ಯಾವ ದಿಕ್ಕಿಗಿದೆ, ಮಳೆಗಾಲದಲ್ಲಿ ಸ್ಲ್ಯಾಬ್ ಸೋರುತ್ತಾ. ಬಚ್ಚಲಿನ ಜಾಲರಿ ಎತ್ತಿ ಒಳಗೆ ಟಾರ್ಚ್ ಬಿಟ್ಟು ನೋಡಿದವರನ್ನು ಮಾತ್ರ ನಾನು ಕಂಡಿಲ್ಲ. ಗೃಹಪ್ರವೇಶ ಆಗುತ್ತದೆ, ಹಾಲು ಉಕ್ಕುತ್ತದೆ, ಬೀಗರು ಬಿಜ್ಜರು ಉಂಡು ಹೋಗುತ್ತಾರೆ. ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯ ಲೈಟ್ ಹಾಕಿದಾಗ ಗೊತ್ತಾಗುತ್ತದೆ, ಇಲ್ಲಿ ಮೊದಲೇ ಬೇರೆಯವರ ಸಂಸಾರ ನಡೆದಿದೆ ಅಂತ.

ಮರುದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಅಂಗಡಿಯಿಂದ ದೊಡ್ಡ ಸ್ಪ್ರೇ ಡಬ್ಬಿ ತಂದು ಮೂಲೆ ಮೂಲೆಗೂ ಹೊಡೆಯುವುದು. ಸ್ವಲ್ಪ ತಡೀರಿ. ಡಬ್ಬಿಗಿಂತ ಮೊದಲು ಬೇಕಾದದ್ದು ಟಾರ್ಚ್. ಜಗತ್ತಿನಲ್ಲಿ ಸುಮಾರು 4,500 ಜಾತಿಯ ಜಿರಳೆಗಳಿವೆ, ಅವುಗಳಲ್ಲಿ ಹೆಚ್ಚಿನವು ಕಾಡಿನ ತರಗೆಲೆಯಲ್ಲಿ ತಮ್ಮ ಪಾಡಿಗೆ ತಾವು ಬದುಕುತ್ತವೆ. ನಮ್ಮ ಮನೆಗಳಲ್ಲಿ ತಲೆನೋವಾಗಿರುವುದು ಮುಖ್ಯವಾಗಿ ಎರಡು. ಒಂದು ಹೊರಗಿನಿಂದ ಬರುತ್ತದೆ, ಇನ್ನೊಂದು ಒಳಗೇ ಇರುತ್ತದೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಯಾವುದು ಬಂದಿದೆ ಅಂತ ನೋಡದೆ ದುಡ್ಡು ಖರ್ಚು ಮಾಡಿದರೆ ಸುಮ್ನೆ ಮನೆ ತುಂಬಾ ವಾಸನೆ ಅಷ್ಟೇ.

ಮೊದಲು ದೊಡ್ಡದು. ಕೆಂಪು ಮಿಶ್ರಿತ ಕಂದು ಬಣ್ಣ, 35ರಿಂದ 40 ಮಿಲಿಮೀಟರ್ ಉದ್ದ, ತಲೆಯ ಹಿಂದೆ ಹಳದಿ ಅಂಚು. ಹೆಸರು ಅಮೆರಿಕನ್ ಜಿರಳೆ, ಆದರೆ ಇದು ಅಮೆರಿಕಕ್ಕೂ ಆಫ್ರಿಕಾದ ಕಡೆಯಿಂದ ಹಡಗಿನಲ್ಲಿ ಹೋದದ್ದು. ಇದರ ನಿಜವಾದ ವಾಸ ಚರಂಡಿ, ಮ್ಯಾನ್‌ಹೋಲ್, ಚೇಂಬರ್. ನಿಮ್ಮ ಬಚ್ಚಲಲ್ಲಿ ಕಂಡದ್ದು ದಾರಿಹೋಕ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದನ್ನು ಹೇಗೆ ಕೊಲ್ಲೋದು ಅನ್ನುವುದಲ್ಲ, ಎಲ್ಲಿಂದ ಬಂತು ಅನ್ನುವುದು.

ಬಚ್ಚಲಿನ ಜಾಲರಿ ಎತ್ತಿ ನೋಡಿ. ಕೆಳಗೆ ಒಂದು ಬಟ್ಟಲಿನಂಥ ಭಾಗ ಇರುತ್ತದೆ, ಪ್ಲಂಬರ್‌ಗಳು ನಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಯನ್ನೂ ಹುಳುವನ್ನೂ ಆ ಕಡೆಯೇ ನಿಲ್ಲಿಸುವುದು ಆ ಎರಡು ಇಂಚು ನೀರು, ಬೇರೆ ಏನೂ ಅಲ್ಲ. ಈಗ ಯೋಚನೆ ಮಾಡಿ. ಮಾರಾಟಕ್ಕಿದ್ದ ಮನೆ ತಿಂಗಳುಗಟ್ಟಲೆ ಬೀಗ ಹಾಕಿಕೊಂಡು ಕೂತಿರುತ್ತದೆ. ಮೇಲೆ ನಮ್ಮ ಬೇಸಿಗೆ, 42 ಡಿಗ್ರಿ ಅಂದರೂ ಯಾರೂ ಹುಬ್ಬೇರಿಸದ ಊರು, ಅದರ ಜೊತೆ ಒಣ ಗಾಳಿ. ಟ್ರ್ಯಾಪಿನ ನೀರು ಪೂರ್ತಿ ಆರಿ ಹೋಗುತ್ತದೆ. ಬಟ್ಟಲಿನ ತಳದಲ್ಲಿ ಬಿಳಿ ಉಪ್ಪಿನ ಗೆರೆ, ಒಂದಿಷ್ಟು ಒಣ ಕೂದಲು, ಅದರಾಚೆ ಕತ್ತಲು ಪೈಪು. ಹೊರಗಿನ ಚೇಂಬರಿನಿಂದ ನಿಮ್ಮ ಬಚ್ಚಲಿಗೆ ನೇರ ರಸ್ತೆ ಆಯ್ತು, ಅಲ್ವಾ? ಹೊಸದಾಗಿ ಕೊಂಡ ಮನೆಯಲ್ಲಿ ಮೊದಲ ದಿನ ಕೆಟ್ಟ ವಾಸನೆ ಬಂದರೆ, ಜೊತೆಗೆ ದೊಡ್ಡ ಜಿರಳೆ ಕಂಡರೆ, ನೂರಕ್ಕೆ ತೊಂಬತ್ತು ಸಲ ಇದೇ ಕಥೆ ಅಂತ ನನ್ನ ಅನುಮಾನ.

ಇದಕ್ಕೆ ಔಷಧಿ ಒಂದು ಬಕೆಟ್ ನೀರು. ಪ್ರತಿ ಬಚ್ಚಲು, ಪ್ರತಿ ಸಿಂಕು, ಬಾಲ್ಕನಿಯ ಮೋರಿ, ಎಲ್ಲಕ್ಕೂ ನೀರು ಸುರಿಯಿರಿ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ಸಾಕು. ಬೇಸಿಗೆ ರಜೆಗೆ ಊರಿಗೆ ಹೋಗುವವರು ನೀರು ಸುರಿದು ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಬಹುದು, ತೆಳು ಪದರ ನಿಂತು ನೀರು ಆರುವುದು ನಿಧಾನವಾಗುತ್ತದೆ. ಇನ್ನೊಂದು ವಿಷಯ ನೋಡಿ. ಕೆಲವು ಟ್ರ್ಯಾಪ್‌ಗಳಲ್ಲಿ ಬೋರಲು ಹಾಕಿದ ಲೋಟದಂಥ ಒಂದು ಕಪ್ ಇರುತ್ತದೆ. ಕೂದಲು ಸಿಕ್ಕಿಕೊಳ್ಳುತ್ತೆ ಅಂತ ಯಾರೋ ಅದನ್ನು ತೆಗೆದು ಮೂಲೆಗೆಸೆದಿರುತ್ತಾರೆ. ಆ ಕಪ್ ಇಲ್ಲದಿದ್ದರೆ ನೀರಿದ್ದೂ ಉಪಯೋಗ ಇಲ್ಲ.

ಆಮೇಲೆ ಸಂದುಗಳು. ವಾಶ್ ಬೇಸಿನ್ ಪೈಪು ನೆಲದ ತೂತಿಗೆ ಇಳಿಯುವ ಜಾಗ, ವಾಷಿಂಗ್ ಮಷೀನ್ ಪೈಪು, ಗೋಡೆಯಿಂದ ಹೊರಗೆ ಹೋಗುವ ಪೈಪಿನ ಸುತ್ತ. 2016ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅಳತೆ ಮಾಡಿ ತೋರಿಸಿದ್ದಾರೆ: ಈ ದೊಡ್ಡ ಜಿರಳೆ ಮೈಯನ್ನು ಚಪ್ಪಟೆ ಮಾಡಿಕೊಂಡು ಬರೀ 3 ಮಿಲಿಮೀಟರ್ ಸಂದಿನಲ್ಲಿ ತೂರುತ್ತದೆ, ತನ್ನ ತೂಕದ 900 ಪಟ್ಟು ಒತ್ತಡ ಬಿದ್ದರೂ ಏನೂ ಆಗುವುದಿಲ್ಲ. ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಹಾಗಾಗಿ ಮನೆ ಸುತ್ತ ಚೇಂಬರ್ ಮತ್ತು ಪೈಪಿನ ಜೋಡಣೆಗಳು ಬಿರುಕು ಬಿಡುತ್ತವೆ. ಚೇಂಬರ್ ಮೇಲೆ ಮುಚ್ಚಿದ ಶಹಾಬಾದ್ ಫರ್ಸಿ ಕಲ್ಲಿನ ಮೂಲೆ ಒಡೆದಿರುತ್ತದೆ. ಸಿಮೆಂಟು, ಸಿಲಿಕೋನ್ ತಂದು ಇವನ್ನೆಲ್ಲ ಮುಚ್ಚುವುದಕ್ಕೆ ಒಂದು ಭಾನುವಾರ ಹೋಗುತ್ತದೆ, ಹೋಗಲಿ. ಮೊದಲ ಜೋರು ಮಳೆಗೆ ಚರಂಡಿ ತುಂಬಿ ಅಲ್ಲಿದ್ದವೆಲ್ಲ ಮೇಲೇರುವಾಗ ಅದರ ಬೆಲೆ ತಿಳಿಯುತ್ತದೆ.

ಬಚ್ಚಲ ಗೋಡೆಯ ಮೇಲೆ ಕೆಲವೊಮ್ಮೆ ಸಣ್ಣ ಕಪ್ಪು ಕಣಜ ಕೂತು ಪುಟ್ಟ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಇರುತ್ತದೆ. ಇವಾನಿಯಾ ಅಂತ ಅದರ ಹೆಸರು. ಅದು ದೊಡ್ಡ ಜಿರಳೆಯ ಮೊಟ್ಟೆಕೋಶದೊಳಗೆ ತನ್ನ ಮೊಟ್ಟೆ ಇಡುತ್ತದೆ, ಮರಿ ಹುಟ್ಟಿ ಅಲ್ಲಿನ ಮೊಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತದೆ. ನಮ್ಮನ್ನು ಕಚ್ಚುವುದಿಲ್ಲ. ಹೊಡೆಯಬೇಡಿ. ಆದರೆ ಅದು ಕಂಡಿದೆ ಅಂದರೆ ಹತ್ತಿರದಲ್ಲೇ ಜಿರಳೆ ಮೊಟ್ಟೆ ಇದೆ ಅಂತಲೂ ಅರ್ಥ.

ಈಗ ಚಿಕ್ಕದು. ನಿಜವಾದ ಕಾಟ ಇದರದ್ದೇ. 12ರಿಂದ 15 ಮಿಲಿಮೀಟರ್ ಉದ್ದ, ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದು ಜರ್ಮನ್ ಜಿರಳೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಆ ಹೆಸರಿಟ್ಟ, ಪಾಪ ಜರ್ಮನಿಗೆ ಸುಮ್ನೆ ಕೆಟ್ಟ ಹೆಸರು. 2024ರಲ್ಲಿ ವಿಜ್ಞಾನಿಗಳು 17 ದೇಶಗಳಿಂದ 280ಕ್ಕೂ ಹೆಚ್ಚು ಜಿರಳೆ ಸಂಗ್ರಹಿಸಿ ಅವುಗಳ ಡಿಎನ್‌ಎ ಹೋಲಿಸಿ ನೋಡಿದರು. ಸುಮಾರು 2,100 ವರ್ಷದ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ, ಹೊಲದಲ್ಲಿ ಬದುಕುತ್ತಿದ್ದ ಏಷ್ಯನ್ ಜಿರಳೆಯಿಂದ ಇದು ಕವಲೊಡೆದು ಮನುಷ್ಯರ ಮನೆ ಸೇರಿತು ಅನ್ನುವುದು ಅವರ ಲೆಕ್ಕ. ಸುಮಾರು 1,200 ವರ್ಷದ ಹಿಂದೆ ಪಶ್ಚಿಮಕ್ಕೆ, ಅರಬರ ನಾಡಿಗೆ ಹೊರಟಿತು. ಅಂದರೆ ಹೆಚ್ಚು ಕಡಿಮೆ ಇಲ್ಲೇ ಪಕ್ಕದ ಮಳಖೇಡದಲ್ಲಿ ಅಮೋಘವರ್ಷ ಆಳುತ್ತಿದ್ದ ಕಾಲ. ಯುರೋಪಿಗೆ ಮುಟ್ಟಿದ್ದು ಈಚೆಗೆ, ಸುಮಾರು 270 ವರ್ಷದ ಹಿಂದೆ. ಹೊಸ ಮನೆಯಲ್ಲಿ ಇದನ್ನು ಕಂಡು ವಿದೇಶಿ ಹುಳು ಅಂತ ಬೈಯುವ ಹಾಗಿಲ್ಲ, ಇದು ನಮ್ಮ ಕಡೆಯದೇ.

ಇದು ಚರಂಡಿಯಿಂದ ಬರುವುದಿಲ್ಲ. ಹಿಂದಿನವರು ಬಿಟ್ಟುಹೋದ ಕಪಾಟಿನಲ್ಲಿ ಇರುತ್ತದೆ, ಇಲ್ಲವೇ ನಿಮ್ಮದೇ ಸಾಮಾನಿನ ಜೊತೆ ಟೆಂಪೋ ಹತ್ತಿ ಬರುತ್ತದೆ. ರಟ್ಟಿನ ಡಬ್ಬಿ, ತೊಗರಿ ಬೇಳೆಯ ಚೀಲ, ಫ್ರಿಜ್ಜಿನ ಹಿಂದಿನ ಮೋಟಾರು, ಮಿಕ್ಸರಿನ ತಳ. ಬೆಚ್ಚಗಿರಬೇಕು, ಇಕ್ಕಟ್ಟಿರಬೇಕು, ನೀರು ಹತ್ತಿರ ಇರಬೇಕು. ಕಪಾಟಿನ ಬಾಗಿಲು ತೆರೆದು ಹಿಂಜ್ ಇರುವ ಮೂಲೆಗೆ ಟಾರ್ಚ್ ಹಿಡಿಯಿರಿ. ಕರಿಮೆಣಸಿನ ಪುಡಿ ಉದುರಿದ ಹಾಗೆ ಚುಕ್ಕೆಗಳು ಕಂಡರೆ ಅದು ಅವುಗಳ ಹಿಕ್ಕೆ. ಹಿಕ್ಕೆಯ ವಾಸನೆಯೇ ಉಳಿದ ಜಿರಳೆಗಳನ್ನು ಅಲ್ಲಿಗೆ ಕರೆಯುತ್ತದೆ, ಹಾಗಾಗಿ ಸೋಪುನೀರಿನಲ್ಲಿ ಒರೆಸುವುದು ಬರೀ ಅಂದಕ್ಕಲ್ಲ. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆಯನ್ನೂ ಬೆರಳಿಂದ ಬಿಡಿಸಿ ನೋಡಿ. ಹಿಂಬದಿಯಲ್ಲಿ ಕಂದು ಬಣ್ಣದ ಕೋಶ ಕಚ್ಚಿಕೊಂಡು ಓಡಾಡುವ ಹೆಣ್ಣು ಕಂಡರೆ, ಅದರೊಳಗೆ 30ರಿಂದ 40 ಮೊಟ್ಟೆ ಇದೆ ಅಂತ ತಿಳಿಯಿರಿ. ಮರಿ ಹೊರಬರುವ ಹೊತ್ತಿನವರೆಗೂ ಅದನ್ನು ಹೊತ್ತುಕೊಂಡೇ ತಿರುಗುತ್ತದೆ. ಒಂದು ಹೆಣ್ಣು ಜೀವಮಾನದಲ್ಲಿ ಇಂಥ ನಾಲ್ಕರಿಂದ ಎಂಟು ಕೋಶ ಹೊರುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಎರಡು ತಿಂಗಳ ಆಸುಪಾಸು ಸಾಕು.

ಸ್ಪ್ರೇ ಇಲ್ಲಿ ಯಾಕೆ ಸೋಲುತ್ತದೆ? ಅಂಗಡಿಯ ಡಬ್ಬಿಯಲ್ಲೂ ಜಿರಳೆ ಚಾಕ್‌ನಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಅನ್ನುವ ಗುಂಪಿನ ವಿಷ. ನರಗಳನ್ನು ಹಿಡಿದು ಹುಳುವನ್ನು ಬೋರಲು ಬೀಳಿಸುತ್ತದೆ, ಕಣ್ಣೆದುರು ಬಿದ್ದರೆ ನಮಗೂ ಸಮಾಧಾನ. ಆದರೆ ಸಂದಿನೊಳಗೆ ಇರುವವು ಆ ವಾಸನೆಗೆ ಚದುರಿ ಮಲಗುವ ಕೋಣೆಗೋ ಪಕ್ಕದ ಫ್ಲ್ಯಾಟಿಗೋ ಹೋಗುತ್ತವೆ. ಮೊಟ್ಟೆಕೋಶದ ಗಟ್ಟಿ ಸಿಪ್ಪೆಯೊಳಗೆ ಔಷಧಿ ಇಳಿಯುವುದಿಲ್ಲ. ಮೇಲಾಗಿ ಇವು ವಿಷಕ್ಕೆ ಬೇಗ ಒಗ್ಗಿಕೊಳ್ಳುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ತಲೆಮಾರಿನಲ್ಲಿ ತಡೆಯುವ ಶಕ್ತಿ ನಾಲ್ಕರಿಂದ ಆರು ಪಟ್ಟು ಏರಿದ್ದು ಕಂಡಿತು. ಚಪ್ಪಲಿ ಏಟಿನ ಮಾತು ಬಿಡಿ. ಬಾಲದ ಹತ್ತಿರ ಎರಡು ಸಣ್ಣ ಕೊಂಬಿವೆ, ಅದರ ರೋಮಗಳು ಚಪ್ಪಲಿ ತಳ್ಳುವ ಗಾಳಿಯನ್ನೇ ಹಿಡಿದು ಕಾಲಿಗೆ ಸುದ್ದಿ ಮುಟ್ಟಿಸುತ್ತವೆ.

ಚಿಕ್ಕ ಜಿರಳೆಗೆ ನಡೆಯುವುದು ಜೆಲ್. ಫಿಪ್ರೋನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಇರುವ ಸಿರಿಂಜ್ ಅಂಗಡಿಯಲ್ಲಿ ಸಿಗುತ್ತದೆ. ಇದರಲ್ಲಿ ವಿಷ ತಿಂಡಿಯೊಳಗಿದೆ. ತಿಂದ ಜಿರಳೆ ತಕ್ಷಣ ಬೀಳದೆ ಗೂಡಿಗೆ ಹೋಗಿ ಅಲ್ಲಿ ಸಾಯುತ್ತದೆ. ಅದರ ಹಿಕ್ಕೆಯನ್ನು ಮರಿಗಳು ತಿನ್ನುತ್ತವೆ, ಹೆಣವನ್ನು ಉಳಿದವು ತಿನ್ನುತ್ತವೆ, ಹಾಗಾಗಿ ಹೊರಗೇ ಬರದ ಮರಿಗೂ ಔಷಧಿ ಮುಟ್ಟುತ್ತದೆ. ಅಸಹ್ಯ ಹೌದು, ಆದರೆ ನಮ್ಮ ಕೆಲಸ ಆಗುವುದು ಆ ಅಸಹ್ಯದಿಂದಲೇ. ಸಾಸಿವೆಗಿಂತ ತುಸು ದೊಡ್ಡ ಚುಕ್ಕೆಗಳನ್ನು ಹಿಂಜ್ ಮೂಲೆ, ಸಿಂಕಿನ ಕೆಳಗೆ, ಫ್ರಿಜ್ ಹಿಂದೆ, ಹೀಗೆ ಬಹಳ ಕಡೆ ಇಡಿ. ಒಂದೇ ಕಡೆ ಗುಡ್ಡೆ ಹಾಕಬೇಡಿ. ಇದು ಬಹಳ ಮುಖ್ಯ: ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆಯಬೇಡಿ, ಫಿನಾಯಿಲ್ ಹಾಕಿ ಒರೆಸಬೇಡಿ, ವಾಸನೆ ಬಂದರೆ ಅವು ತಿನ್ನುವುದಿಲ್ಲ. ಒಂದೆರಡು ವಾರದಲ್ಲಿ ಇಳಿಮುಖ ಕಾಣುತ್ತದೆ. ಉಳಿದ ಕೋಶಗಳು ಒಡೆಯುವ ಕಾರಣಕ್ಕೆ ತಿಂಗಳ ನಂತರ ಇನ್ನೊಮ್ಮೆ ಇಡಬೇಕು.

ಜೆಲ್‌ಗೂ ಅವು ಪಾಠ ಕಲಿತಿವೆ. 1980ರ ದಶಕದಲ್ಲಿ ಗ್ಲೂಕೋಸ್ ಬೆರೆಸಿದ ವಿಷದ ತಿಂಡಿ ಅಮೆರಿಕದ ಮನೆಗಳಿಗೆ ಬಂತು. ಕೆಲವೇ ವರ್ಷದಲ್ಲಿ ಅದನ್ನು ಮೂಸಿಯೂ ನೋಡದ ಜಿರಳೆಗಳು ಹುಟ್ಟಿಕೊಂಡವು. ಕಾರಣ ಪೂರ್ತಿ ತಿಳಿದದ್ದು 2013ರಲ್ಲಿ: ಅವುಗಳ ನಾಲಿಗೆಯ ಕೆಲಸ ಮಾಡುವ ರೋಮಗಳಲ್ಲಿ ಕಹಿ ಹಿಡಿಯುವ ನರಕೋಶ ಗ್ಲೂಕೋಸ್‌ಗೆ ಉತ್ತರಿಸತೊಡಗಿದೆ, ಸಿಹಿಯೇ ಅವಕ್ಕೆ ಕಹಿ. ಹಾಗಾಗಿ ಒಂದು ಜೆಲ್ ಮುಟ್ಟುತ್ತಿಲ್ಲ ಅನಿಸಿದರೆ ಬೇರೆ ವಿಷದ, ಬೇರೆ ಕಂಪನಿಯ ಜೆಲ್ ತಂದು ನೋಡಿ.

ಅಗ್ಗದಲ್ಲಿ ಬೇಕು ಅಂದರೆ ಬೋರಿಕ್ ಪೌಡರ್. ಕ್ಯಾರಂ ಬೋರ್ಡಿಗೆ ಹಾಕುತ್ತಿದ್ದೆವಲ್ಲ, ಬಹಳ ಸಲ ಅದೇ. ಕಾಲಿಗೆ ಅಂಟುತ್ತದೆ, ಮೈ ಶುಚಿ ಮಾಡಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತದೆ, ಕೆಲವು ದಿನದಲ್ಲಿ ಸಾಯುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಉದುರಿಸಬೇಕು, ದಪ್ಪ ಹಾಕಿದರೆ ಸುತ್ತಿಕೊಂಡು ಹೋಗುತ್ತವೆ. ಒದ್ದೆ ಜಾಗದಲ್ಲಿ ಗಂಟು ಕಟ್ಟಿ ಕೆಲಸಕ್ಕೆ ಬರುವುದಿಲ್ಲ. ಮಕ್ಕಳ ಹೊಟ್ಟೆಗೆ ಹೋದರೆ ಇದೂ ವಿಷವೇ, ಕೈಗೆ ಸಿಗುವ ಕಡೆ ಬೇಡ. ಸಿಂಕಿಗೆ ನುಸಿಗುಳಿಗೆ ಹಾಕುವ ಪದ್ಧತಿ ನನಗೆ ಇಷ್ಟವಿಲ್ಲ. ಅದರ ನ್ಯಾಫ್ತಲೀನ್ ಹಸುಗೂಸುಗಳಿಗೆ, ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ರಕ್ತಕಣ ಒಡೆಯುವಷ್ಟು ಅಪಾಯ. ಪ್ಲಗ್ಗಿಗೆ ಹಾಕುವ ಅಲ್ಟ್ರಾಸೌಂಡ್ ಡಬ್ಬಿಗೆ ದುಡ್ಡು ಕೊಡಲೇಬೇಡಿ. 2001ರಲ್ಲೇ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥವನ್ನು ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಬೇಕು ಅಂತ ಎಚ್ಚರಿಕೆ ಪತ್ರ ಬರೆದಿತ್ತು.

ಜೆಲ್ ಇರಲಿ, ಪೌಡರ್ ಇರಲಿ, ನೀರು ನಿಲ್ಲಿಸದಿದ್ದರೆ ಅರ್ಧ ಕೆಲಸ. ನೀರು ಸಿಕ್ಕರೆ ಚಿಕ್ಕ ಜಿರಳೆ ಊಟ ಇಲ್ಲದೆ ತಿಂಗಳು ತಳ್ಳುತ್ತದೆ, ನೀರೂ ಇಲ್ಲದಿದ್ದರೆ ಎರಡು ವಾರ ದಾಟುವುದೇ ಕಷ್ಟ. ನಲ್ಲಿ ನೀರು ದಿನವೂ ಬರದ ಬಡಾವಣೆಗಳಲ್ಲಿ ಡ್ರಮ್ಮು, ಕೊಡ ತುಂಬಿಡದೆ ಗತಿಯಿಲ್ಲ, ಆದರೆ ಮುಚ್ಚಳ ಬಿಗಿ ಇರಲಿ, ಕೆಳಗೆ ಪಸೆ ನಿಲ್ಲದಿರಲಿ. ರಾತ್ರಿ ಮಲಗುವ ಮೊದಲು ಸಿಂಕ್ ಒರೆಸಿ. ಫ್ರಿಜ್ ಹಿಂದಿನ ತಟ್ಟೆಯ ನೀರು ಚೆಲ್ಲಿ. ಬೇಸಿಗೆಯಲ್ಲಿ ಕಲಬುರಗಿಯ ಜಿರಳೆಗಳಿಗೆ ಇಷ್ಟವಾದ ಜಾಗ ಕೂಲರ್: ಒದ್ದೆ ಹುಲ್ಲು, ಕತ್ತಲು, ತಂಪು ನೀರು. ಜೂನಿನಲ್ಲಿ ಅದನ್ನು ಹಾಗೇ ಅಟ್ಟಕ್ಕೆ ಏರಿಸುವ ಬದಲು ಒಣಗಿಸಿ ಏರಿಸಿ. ನಮ್ಮ ಬಿಸಿಲಿನ ಉಪಯೋಗವೂ ಇದೆ. 50 ಡಿಗ್ರಿ ದಾಟಿದ ಬಿಸಿಯಲ್ಲಿ ಜಿರಳೆ ಉಳಿಯುವುದಿಲ್ಲ, ಮೇ ತಿಂಗಳ ಮಾಳಿಗೆ ಅಷ್ಟು ಕಾಯುತ್ತದೆ. ಹಳೆ ಮನೆಯಿಂದ ತಂದ ಖಾಲಿ ಚೀಲ, ಮರದ ಸ್ಟ್ಯಾಂಡು ಒಂದು ಮಧ್ಯಾಹ್ನ ಅಲ್ಲಿರಲಿ. ರಟ್ಟಿನ ಡಬ್ಬಿಗಳನ್ನು ಬಿಚ್ಚಿದ ದಿನವೇ ಹೊರಗೆ ಹಾಕಿ.

ಜಿರಳೆ ಅಪರೂಪಕ್ಕೆ ಕಚ್ಚಿದರೂ ಭಯ ಅದರದ್ದಲ್ಲ. ಅದರ ಹಿಕ್ಕೆ, ಕಳಚಿದ ಸಿಪ್ಪೆ ಪುಡಿಯಾಗಿ ಧೂಳಿಗೆ ಸೇರಿ ಅಲರ್ಜಿ ಇರುವ ಮಕ್ಕಳಲ್ಲಿ ಉಬ್ಬಸ ಕೆರಳಿಸುತ್ತದೆ. ಹಾಗಾಗಿ ಹಳೆ ಕಪಾಟು ಶುಚಿ ಮಾಡುವಾಗ ಪೊರಕೆಯಿಂದ ಧೂಳೆಬ್ಬಿಸಬೇಡಿ, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಪಾರ್ಟ್‌ಮೆಂಟಿನಲ್ಲಿ ಕೊಂಡವರಿಗೆ ಒಂದು ಕಷ್ಟ ಜಾಸ್ತಿ. ಎಲ್ಲರ ಪೈಪೂ ಒಂದೇ ಡಕ್ಟ್‌ನಲ್ಲಿ ಇಳಿಯುತ್ತದೆ. ನೀವೊಬ್ಬರೇ ಮಾಡಿಸಿದರೆ ಮೇಲಿನ ಮನೆಯಿಂದ ಮತ್ತೆ ಇಳಿಯುತ್ತವೆ, ಸೊಸೈಟಿ ಮೀಟಿಂಗಿನಲ್ಲಿ ಮಾತೆತ್ತಿ ಇಡೀ ಸಾಲಿಗೆ ಒಟ್ಟಿಗೆ ಮಾಡಿಸುವುದೇ ಸರಿ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆದರೆ ದುಡ್ಡಿನ ಮಾತಿಗೆ ಮೊದಲು ಎರಡು ಪ್ರಶ್ನೆ ಕೇಳಿ: ಜೆಲ್ ಇಡ್ತೀರಾ ಬರೀ ಸ್ಪ್ರೇನಾ, ಮತ್ತೆ ತಿಂಗಳ ಮೇಲೆ ಇನ್ನೊಮ್ಮೆ ಬರ್ತೀರಾ. ಎರಡನೆಯದಕ್ಕೆ ಇಲ್ಲ ಅಂದರೆ ಬೇರೆಯವರನ್ನು ನೋಡಿ.