ಇಲ್ಲದ ಹೆಬ್ಬೆರಳಿನ ಪಿಸುಮಾತು

ಶಿರಸಿ ಹತ್ತಿರದ ನಮ್ಮ ಮನೆಗೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಒಬ್ಬರು ಬರುತ್ತಿದ್ದರು. ಬಲಗೈ ಮೊಣಕೈಗಿಂತ ಮೇಲೇ ತುಂಡಾಗಿತ್ತು. ಸುಲಿಯಲು ಆಗದು, ಸುಮ್ನೆ ಮಾತಿಗೆ ಕೂರುತ್ತಿದ್ದರು. ಪಕ್ಕದವರು ಮೆಟ್ಟುಗತ್ತಿಯಲ್ಲಿ ಸರಸರ ಸುಲಿಯುವುದನ್ನು ನೋಡುತ್ತಾ ಒಮ್ಮೆ ಹೇಳಿದರು: "ತಮಾ, ನನ್ನ ಹೆಬ್ಬೆರಳು ಈಗಲೂ ಮಡಚ್ತದೆ ನೋಡು."

ಭ್ರಮೆ ಅಂದುಕೊಂಡಿದ್ದೆ. ಪೂರ್ತಿ ಭ್ರಮೆಯಲ್ಲ. ಹೆಬ್ಬೆರಳು ಮಡಚುವ ದೊಡ್ಡ ಸ್ನಾಯು ಇರುವುದು ಮೊಣಕೈ ಕೆಳಗೆ. ಕೈಯ ಜೊತೆ ಅದೂ ಹೋಗಿದೆ. ಆದರೆ ಮಿದುಳು ಅಪ್ಪಣೆ ಕಳಿಸುವುದನ್ನು ಬಿಟ್ಟಿಲ್ಲ. ಅದು ನರದ ದಾರಿಯಲ್ಲಿ ತೋಳಿನವರೆಗೆ ಬಂದು, ಮುಂದೆ ದಾರಿ ಇಲ್ಲದೆ ನಿಲ್ಲುತ್ತದೆ. (ನಮ್ಮಲ್ಲಿ ಕೈಮೇಲೆ ಕಾಣುವ ನೀಲಿ ರಕ್ತನಾಳಕ್ಕೂ ನರ ಅಂತಾರೆ. ಅದಲ್ಲ. ಮೊಣಕೈ ಬಾಗಿಲಿಗೆ ಬಡಿದರೆ ಕಿರುಬೆರಳವರೆಗೆ ಜುಮ್ ಅನ್ನುತ್ತದಲ್ವಾ, ಆ ನರ.)

ಆ ಅಪ್ಪಣೆಯನ್ನು ನರದಲ್ಲೇ ಹಿಡಿದು ಯಂತ್ರದ ಕೈಗೆ ದಾಟಿಸಲು ಎಲೆಕ್ಟ್ರೋಡ್ ಬೇಕು, ಅಂದರೆ ವಿದ್ಯುತ್ ಸಂಕೇತ ಹಿಡಿಯುವ ತುದಿ. ಒಂದು ಬಗೆಯದು ನರಕ್ಕೆ ಬಳೆಯಂತೆ ಸುತ್ತುವ ಸಿಲಿಕೋನ್ ಕೊಳವೆ, ಒಳಗೆ ಪ್ಲಾಟಿನಂ ಪಟ್ಟಿಗಳು. ಇದು ನರವನ್ನು ಚುಚ್ಚುವುದಿಲ್ಲ. ಆದರೆ ಅಲ್ಲಿಗೆ ತಲುಪುವ ನರದ ದನಿ, ಅಂದರೆ ಅದರ ವಿದ್ಯುತ್ ಸಂಕೇತ, ಕೆಲವೇ ಮೈಕ್ರೋವೋಲ್ಟ್. ಪಕ್ಕದ ಸ್ನಾಯುವಿನದು ಮಿಲಿವೋಲ್ಟ್, ಅಂದರೆ ಸಾವಿರ ಪಟ್ಟು ಜೋರು! ಯಕ್ಷಗಾನದ ಚಂಡೆ ಪಕ್ಕ ಕೂತು ಪಿಸುಮಾತು ಕೇಳಿದ ಹಾಗೆ. ಇದಕ್ಕೊಂದು ಉಪಾಯ ಉಂಟು. ಒಳಗೆ ಮೂರು ಪಟ್ಟಿ ಇಟ್ಟು, ಎರಡು ತುದಿಯವನ್ನು ಸೇರಿಸಿ ನಡುವಿನದರ ಜೊತೆ ತಾಳೆ ನೋಡುತ್ತಾರೆ. ಹೊರಗಿನ ಗದ್ದಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಕಳೆದರೆ ಬಹುಪಾಲು ಹೋಗುತ್ತದೆ. ಒಳಗೆ ಓಡುವ ದನಿ ಉಳಿಯುತ್ತದೆ.

ಇನ್ನೊಂದು ಬಗೆ ನೇರ ಚುಚ್ಚುವುದು. 2002ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕೆವಿನ್ ವಾರ್ವಿಕ್ ಆರೋಗ್ಯವಾಗಿದ್ದ ತಮ್ಮ ಎಡಗೈಯ ನರಕ್ಕೇ 100 ಸೂಜಿಗಳ ಎಲೆಕ್ಟ್ರೋಡ್ ಹಾಕಿಸಿಕೊಂಡರು. ಧೈರ್ಯವೋ ಹುಚ್ಚೋ, ಗೊತ್ತಿಲ್ಲ. ಸೂಜಿಗೆ ನರದೊಳಗಿನ ಕೆಲವೇ ಎಳೆಗಳ ದನಿ ಬಿಡಿಬಿಡಿಯಾಗಿ ಸಿಗುತ್ತದೆ. ಆದರೆ ನರ ಮೆತ್ತಗೆ, ಸಿಲಿಕಾನ್ ಸೂಜಿ ಗಟ್ಟಿ. ದೇಹ ಅದರ ಸುತ್ತ ಗಾಯದ ಕಲೆಯಂಥ ಪದರ ಕಟ್ಟುತ್ತದೆ. ತಿಂಗಳು ಕಳೆದಂತೆ ದನಿ ಕುಗ್ಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯ ದಾರಿ. ತೊಡೆಯಿಂದ ಸಣ್ಣ ಸ್ನಾಯುತುಂಡು ತೆಗೆದು, ತುಂಡಾದ ನರದ ತುದಿಗೆ ಸುತ್ತುತ್ತಾರೆ. ಕೆಲವು ತಿಂಗಳಲ್ಲಿ ನರದ ಎಳೆಗಳು ಅದರೊಳಗೆ ಬೆಳೆಯುತ್ತವೆ. ಆಮೇಲೆ ಅಪ್ಪಣೆ ಬಂದಾಗ ಆ ತುಂಡು ಮಿಸುಕುತ್ತದೆ, ಅದರ ದನಿ ಜೋರು. ಪಿಸುಗುಡುವವನ ಕೈಗೇ ಚಂಡೆ ಕೊಟ್ಟಂತೆ! ಎಲೆಕ್ಟ್ರೋಡು ಸ್ನಾಯುವಿನಲ್ಲಿದ್ದರೆ ಸಾಕು, ನರಕ್ಕೆ ಚುಚ್ಚುವ ಗೋಜಿಲ್ಲ.

2020ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಇದನ್ನು ಕೈ ಕಳೆದುಕೊಂಡವರಲ್ಲಿ ಮಾಡಿ ತೋರಿಸಿತು. ಅವರು ತಮ್ಮ ಇಲ್ಲದ ಹೆಬ್ಬೆರಳನ್ನು ಮಡಚಲು ಹೋದರು. ಯಂತ್ರದ ಹೆಬ್ಬೆರಳು ಮಡಚಿತು.